ಒಬ್ಬರೇ ಇರುವ ಊರಿಗೆ ಅರ್ಜಿ

ತಿಪ್ಪೇಸ್ವಾಮಿಯವರು ನಿವೃತ್ತರಾಗಿ ಎಂಟು ವರ್ಷ, ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ಗೆ ಬಂದು ಮಗಳ ಮನೆಯಲ್ಲಿ ನೆಲೆಸಿ ಮೂರು ವರ್ಷ. ಆದರೂ ಬೆಳಿಗ್ಗೆ ಒಂಬತ್ತೂವರೆಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಊಟದ ಮೇಜಿನ ಮುಂದೆ ಕೂರುವುದನ್ನು ಬಿಟ್ಟಿರಲಿಲ್ಲ. ಒಂದು ನೀಲಿ, ಒಂದು ಕೆಂಪು. ಕೆಂಪು ಯಾಕಪ್ಪ ಎಂದು ಮಗಳು ರಚನಾ ಒಮ್ಮೆ ಕೇಳಿದ್ದಳು. "ಯಾರಾದ್ರೂ ತಪ್ಪು ಬರೆದಿದ್ರೆ?" ಎಂದಿದ್ದರು. ಆ ಮನೆಯಲ್ಲಿ ಪೆನ್ನು ಹಿಡಿದು ಬರೆಯುವವಳು ನಾಲ್ಕು ವರ್ಷದ ಮೊಮ್ಮಗಳು ಕೃತಿ ಒಬ್ಬಳೇ, ಅದೂ ಗೋಡೆಯ ಮೇಲೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಮೂವತ್ತನಾಲ್ಕು ವರ್ಷ ಗ್ರಾಮ ಲೆಕ್ಕಿಗರಾಗಿದ್ದವರು ಅವರು. ಹೋಬಳಿಯ ಧೂಳು, ಪಹಣಿ, ಜನಗಣತಿ, ಚುನಾವಣೆ ಡ್ಯೂಟಿ ಅಂತ ಆಯಸ್ಸು ಕಳೆದರು. ಮಗಳು ಇಂಗ್ಲಿಷ್ ಮೀಡಿಯಂ ಓದಲಿ ಎಂದು ಐದನೇ ವಯಸ್ಸಿಗೇ ಅವಳನ್ನು ರಾಜಾಜಿನಗರದ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರಿಂದ, ರಚನಾಳ ಪಾಲಿಗೆ ಅಪ್ಪ ಎಂದರೆ ತಿಂಗಳಿಗೆ ಎರಡು ಭಾನುವಾರ ಬರುವವರು, ಚಪ್ಪಲಿಯಲ್ಲಿ ಕೆಂಪು ಮಣ್ಣು ತರುವವರು. ಏನು ಕೆಲಸ ಎಂದು ಗೆಳತಿಯರು ಕೇಳಿದರೆ "ಗೌರ್ಮೆಂಟ್" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಅಮ್ಮ ಹೋದ ಮೇಲೆ ಕರೆಸಿಕೊಂಡ ಈ ಅಪ್ಪನ ಜೊತೆ ಇಡೀ ದಿನ ಒಂದೇ ಮನೆಯಲ್ಲಿ ಇರುವುದನ್ನು ಅವಳು ಮೂವತ್ನಾಲ್ಕನೇ ವಯಸ್ಸಿಗೆ ಹೊಸದಾಗಿ ಕಲಿಯುತ್ತಿದ್ದಳು.

ಕಲಿಯುವುದಕ್ಕೂ ಶಕ್ತಿ ಬೇಕಲ್ಲ. ಗಂಡ ವಿಶ್ವಾಸ್ ಏಳರ ಟ್ರೇನು ಹಿಡಿದು ವೆಲ್ಲಿಂಗ್ಟನ್ನಿಗೆ ಹೋದರೆ ಬರುವುದು ಸಂಜೆ ಆರಕ್ಕೆ. ಇವಳದು ಮನೆಯಿಂದಲೇ ಕೆಲಸ. ಚಳಿಗಾಲ ಶುರುವಾದಾಗಿನಿಂದ ಕೃತಿಗೆ ಬಿಡದ ಕೆಮ್ಮು, ಒಂದು ವಾರ ಕಿವಿನೋವು, ಇನ್ನೊಂದು ವಾರ ಜ್ವರ. ಮಗುವಿನ ಹಣೆ ಮುಟ್ಟುವುದು, ಥರ್ಮಾಮೀಟರ್ ಇಡುವುದು, ಅದರ ಮೇಲೆ ನಂಬಿಕೆ ಬರದೆ ಇನ್ನೊಂದು ಥರ್ಮಾಮೀಟರ್ ಇಡುವುದು. ಅಪ್ಪ ವಾಕಿಂಗ್ ಹೋದರೆ ಜಾರಿ ಬೀಳುತ್ತಾರೇನೋ ಎಂಬ ದಿಗಿಲು. ಹೋಗದಿದ್ದರೆ ಕೂತು ಕೂತು ಮಂಕಾಗುತ್ತಾರೇನೋ ಎಂದು ಇನ್ನೊಂದು ದಿಗಿಲು.

ಅಪ್ಪನಿಗೆ ಸಿಕ್ಕ ಒಂದೇ ಒಂದು ಜೊತೆ ಪಕ್ಕದ ಮನೆಯ ನೆದಾ ಆಂಟಿ. ಪೂರ್ತಿ ಹೆಸರು ನೆದಿಲ್ಕಾ, ವಯಸ್ಸು ಎಂಬತ್ತಮೂರು. ಕ್ರೊಯೇಷಿಯಾದ ಸಮುದ್ರದ ಕಡೆಯ ಬೆಟ್ಟದ ಮೇಲಿನ ಹಳ್ಳಿಯವರು. ಇಪ್ಪತ್ತನೇ ವಯಸ್ಸಿಗೆ ಗಂಡ ಫ್ರಾನೆಯ ಹಿಂದೆ ಹಡಗು ಹತ್ತಿ ಬಂದವರು. ಆತ ಕಾರು ಜೋಡಿಸುವ ಕಾರ್ಖಾನೆಯಲ್ಲಿ ದುಡಿದರೆ ಈಕೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ದುಡಿದರು. ನೆದಾ ಆಂಟಿ ಬೇಲಿಯ ಮೇಲಿಂದ ಸಿಲ್ವರ್‌ಬೀಟ್ ಸೊಪ್ಪಿನ ಕಟ್ಟು ಕೊಡುತ್ತಿದ್ದರು, ತಿಪ್ಪೇಸ್ವಾಮಿ ಅದರಲ್ಲಿ ಬಸ್ಸಾರು ಮಾಡಿ ಡಬ್ಬಿ ವಾಪಸ್ಸು ಕೊಡುತ್ತಿದ್ದರು. ಇಬ್ಬರ ಇಂಗ್ಲಿಷೂ ಒಂದೇ ಅಳತೆಗೆ ಮುರಿದದ್ದು, ಹಾಗಾಗಿ ಸಲೀಸಾಗಿ ಕೂಡಿಕೊಳ್ಳುತ್ತಿತ್ತು. ಅವರು ಇವರಿಗೆ "ಮಿಸ್ಟರ್ ಸ್ವಾಮಿ". ಇವರು ಅವರಿಗೆ "ನೆದಮ್ಮ".

ಜುಲೈ ತಿಂಗಳ ಒಂದು ಮಂಗಳವಾರ ನೆದಾ ಆಂಟಿಯ ಮಲಗುವ ಕೋಣೆಯ ಕಪಾಟಿನ ಬಾಗಿಲು ಕೂರುತ್ತಿಲ್ಲವೆಂದು ಅಪ್ಪ ಸ್ಕ್ರೂಡ್ರೈವರ್ ಹಿಡಿದು ಹೋದರು. ಹತ್ತು ನಿಮಿಷಕ್ಕೇ ವಾಪಸ್ಸು ಬಂದು ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದುಕೊಂಡರು.

"ಯಾಕಪ್ಪ, ಏನಾಯ್ತು?" ರಚನಾ ಗಾಬರಿಯಾಗಿ ಎದ್ದಳು.

"ಕಪಾಟಲ್ಲಿ ಸ್ವೆಟರ್ ಕೆಳಗೊಂದು ಪೆಟ್ಟಿಗೆ ಇತ್ತು. ಪಕ್ಕಕ್ಕಿಡೋಣ ಅಂತ ಎತ್ತಿದೆ. ಆಯಮ್ಮ, ಜೋಪಾನ, ಅದು ಫ್ರಾನೆ ಅಂದ್ರು."

"ಅಂದ್ರೆ ಬೂದಿ?"

"ಆರು ವರ್ಷದಿಂದ ಕಣಮ್ಮ! ಚಪ್ಪಲಿ ಬಿಟ್ಟು ಕೈ ಮುಗಿದು ಬಂದೆ."

ವಿಷಯ ಇಷ್ಟು. ತನ್ನ ಬೂದಿಯನ್ನು ಊರಿನ ಸ್ಮಶಾನದಲ್ಲಿ, ಅಪ್ಪ ಅಮ್ಮನ ಸಮಾಧಿಯಲ್ಲೇ ಇಡಬೇಕು ಎಂದು ಫ್ರಾನೆ ಸಾಯುವಾಗ ಕೇಳಿಕೊಂಡಿದ್ದ. ಊರಿನ ಹೆಸರು ಸುಹೊ ಗುಮ್ನೊ, ಒಣ ಕಣ ಎಂದು ಅರ್ಥವಂತೆ. ಅನುಮತಿಗಾಗಿ ನೆದಾ ಆಂಟಿ ಕೆಳಗಿನ ದೊಡ್ಡ ಪಟ್ಟಣದ ಕಚೇರಿಗೆ ಎರಡು ಸಲ ಬರೆದಿದ್ದರು. ಇಪ್ಪತ್ತನೇ ವಯಸ್ಸಿನಲ್ಲಿ ಹಡಗು ಹತ್ತುವಾಗ ಅವರಿಗೆ ಕಾಗದಪತ್ರ ಮಾಡಿಕೊಟ್ಟದ್ದು ಅದೇ ಕಚೇರಿ. ಎರಡು ಸಲವೂ ಒಂದೇ ಉತ್ತರ ಬಂತು: ಆ ಹಳ್ಳಿ ಮೂವತ್ತು ವರ್ಷದಿಂದ ನಮ್ಮ ಆಡಳಿತಕ್ಕೆ ಸೇರಿಲ್ಲ. ಮತ್ತೆ ಯಾರಿಗೆ ಸೇರಿದೆ ಎಂದು ಅದರಲ್ಲಿ ಇರಲಿಲ್ಲ. ನೆದಾ ಆಂಟಿ ಸುಸ್ತಾಗಿ ಕೈಬಿಟ್ಟಿದ್ದರು.

"ತಾಲ್ಲೂಕು ಬದಲಾಗಿದೆ, ಅಷ್ಟೇ," ಎಂದರು ತಿಪ್ಪೇಸ್ವಾಮಿ. ಮೂರು ವರ್ಷದಲ್ಲಿ ಆ ಮುಖದಲ್ಲಿ ಅಂಥ ಕಳೆಯನ್ನು ರಚನಾ ನೋಡಿರಲಿಲ್ಲ. "ನಮ್ಮಲ್ಲಿ ಎಷ್ಟು ಊರು ಈ ಹೋಬಳಿಯಿಂದ ಆ ಹೋಬಳಿಗೆ ಹೋಗಿಲ್ಲ? ಜನಕ್ಕೇ ಗೊತ್ತಿರಲ್ಲ. ಹಳೇ ಆಫೀಸಿನ ಬಾಗಿಲಲ್ಲಿ ನಿಂತಿರ್ತಾರೆ ಪಾಪ."

ಸಂಜೆಯೊಳಗೆ ಒಂದು ಬಿಳಿ ಹಾಳೆ ತೆಗೆದುಕೊಂಡು ಹೋಗಿ ಅದರ ಕೆಳಗಿನ ಬಲಮೂಲೆಯಲ್ಲಿ ನೆದಾ ಆಂಟಿಯ ಸಹಿ ಹಾಕಿಸಿಕೊಂಡು ಬಂದರು. ಹಾಳೆಯಲ್ಲಿ ಬೇರೇನೂ ಇರಲಿಲ್ಲ.

"ಅಪ್ಪ! ಖಾಲಿ ಪೇಪರ್ ಮೇಲೆ ಸಹಿನಾ?"

"ನಾವು ಮಾಡ್ತಿದ್ದದ್ದೇ ಹಾಗೆ. ಎಲ್ಲೆಲ್ಲಿಂದಲೋ ನಡ್ಕೊಂಡು ಬಂದಿರ್ತಾರೆ, ಇನ್ನೊಂದ್ಸಲ ಬಾ ಅಂತ ಹೇಗೆ ಹೇಳೋದು? ಮೊದಲು ಸಹಿ, ಆಮೇಲೆ ಒಕ್ಕಣೆ."

ಮಾರನೆಯ ದಿನ ಕೆಮ್ಮಿ ಕೆಮ್ಮಿ ಬಳಲಿದ ಕೃತಿ ತೊಡೆಯ ಮೇಲೆ ನಿದ್ದೆ ಹೋದಾಗ ರಚನಾ ಒಂದೇ ಕೈಯಲ್ಲಿ ಫೋನು ಹಿಡಿದು ಹುಡುಕಿದಳು. ಎದುರಿಗೆ ಅಪ್ಪ ನೋಟ್‌ಬುಕ್ಕು ತೆರೆದು ಕೂತಿದ್ದರು.

"ಮೇಲೆ ಜಿಲ್ಲೆ ಥರ ಒಂದಿದೆ. ಅದರ ಕೆಳಗೆ ಓಪ್ಚಿನಾ ಅಂತೆ. ಮೊದಲು ಒಂದೊಂದು ಓಪ್ಚಿನಾನೂ ನಮ್ಮ ತಾಲ್ಲೂಕಿನಷ್ಟು ದೊಡ್ಡದಿತ್ತಂತೆ. ಯುಗೊಸ್ಲಾವಿಯಾ ಒಡೆದಮೇಲೆ ಅದನ್ನೆಲ್ಲ ಸಣ್ಣಸಣ್ಣದಾಗಿ ಮಾಡಿದಾರೆ. ಸುಹೊ ಗುಮ್ನೊ ಈಗ ಇಂಥ ಒಂದು ಸಣ್ಣ ಓಪ್ಚಿನಾಲಿದೆ. ಏಳು ಊರು ಸೇರಿ ಒಂದು."

"ಏಳು ಊರಿಗೆ ಒಂದು ಪಂಚಾಯ್ತಿ ಅನ್ನು. ಅಧ್ಯಕ್ಷರು?"

"ಇದಾರೆ, ಚುನಾವಣೆ ಮಾಡಿ ಆರಿಸ್ತಾರೆ. ರಸ್ತೆ, ಕಸ, ಸ್ಮಶಾನ ಎಲ್ಲ ಅವರದ್ದೇ."

"ಊರಲ್ಲಿ ಯಾರಿದಾರೆ? ಊರ ಮಟ್ಟದಲ್ಲಿ?"

"ಯಾರೂ ಇಲ್ಲಪ್ಪ. ಊರು ಅನ್ನೋದು ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೇ. ಜನ ಇದ್ದರೆ ಒಂದು ಸಮಿತಿ ಮಾಡ್ಕೋಬಹುದಂತೆ."

"ಅಧಿಕಾರಿ ಇಲ್ದೆ ಊರು ಹೇಗಿರುತ್ತೆ? ಜನಸಂಖ್ಯೆ ನೋಡು."

ರಚನಾ ಪಟ್ಟಿಯ ಮೇಲೆ ಬೆರಳಾಡಿಸಿದಳು. ಇನ್ನೂರ ಹನ್ನೆರಡು, ತೊಂಬತ್ತು, ಮೂವತ್ತೊಂದು. ಒಂದು ಊರಿನ ಮುಂದೆ ಸೊನ್ನೆಯೂ ಇತ್ತು. ಊರಿಗೆ ಊರೇ ಖಾಲಿಯಾದರೂ ಹೆಸರನ್ನು ಪಟ್ಟಿಯಿಂದ ತೆಗೆದಿರಲಿಲ್ಲ.

"ಬೇಚರಾಕ್ ಗ್ರಾಮ!" ತಿಪ್ಪೇಸ್ವಾಮಿ ನೆಂಟರು ಸಿಕ್ಕವರಂತೆ ಹೇಳಿದರು. "ದೀಪ ಹಚ್ಚೋರಿಲ್ಲದ ಊರು. ನಮ್ಮ ದಾಖಲೇಲೂ ಇರುತ್ತೆ. ಜನ ಇರಲ್ಲ, ಸರ್ವೆ ನಂಬರ್ ಇರುತ್ತೆ. ಸುಹೊ ಗುಮ್ನೊನೂ ಹಾಗೇನಾ?"

"ಇಲ್ಲ. ಅದರ ಮುಂದೆ ಒಂದು ಅಂತಿದೆ. ಹಿಂದಿನ ಗಣತಿಯಲ್ಲಿ ನಾಲ್ಕು."

ಅಪ್ಪ ಬರೆಯುತ್ತಿದ್ದದ್ದನ್ನು ನಿಲ್ಲಿಸಿದರು. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಎಂದು ಬರೆದು, ಅದರ ಸುತ್ತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು.

ಮಧ್ಯಾಹ್ನ ನೆದಾ ಆಂಟಿ ಡಬ್ಬಿ ಕೊಡಲು ಬಂದಾಗ ರಚನಾ ಇದನ್ನು ಸಂತೋಷದ ಸುದ್ದಿ ಎಂಬಂತೆಯೇ ಹೇಳಿದಳು. ಊರಲ್ಲಿ ಒಬ್ಬರು ಇನ್ನೂ ಇದ್ದಾರೆ ಆಂಟಿ. ಹೆಸರು ಹಾಕಿಲ್ಲ, ಲೆಕ್ಕ ಮಾತ್ರ.

ನೆದಾ ಆಂಟಿ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಹೆಸರು ಬೇಡ. ಟೋಂಕಾ. ಅಷ್ಟು ಹಟ ಇನ್ಯಾರಿಗೂ ಇಲ್ಲ."

ಟೋಂಕಾ ಫ್ರಾನೆಯ ತಮ್ಮನ ಹೆಂಡತಿ. ಅತ್ತೆ ಹಾಸಿಗೆ ಹಿಡಿದು ಹನ್ನೊಂದು ವರ್ಷ ಮಲಗಿದ್ದಾಗ ಎತ್ತಿ ಇಳಿಸಿ ಮಾಡಿದವಳು ಅವಳೊಬ್ಬಳೇ. ನೆದಾ ಇಲ್ಲಿಂದ ಪ್ರತಿ ವರ್ಷ ಒಳ್ಳೆ ಉಣ್ಣೆಯ ಕೋಟು ಕಳಿಸುತ್ತಿದ್ದರು. ಎಂಟನೇ ಕೋಟಿಗೆ ಉತ್ತರವಾಗಿ ಒಂದು ಸಾಲು ಬಂತು: ಕೋಟು ಸಾಕು, ಎರಡು ಕೈ ಕಳಿಸು. ಅದಕ್ಕೆ ಉತ್ತರ ಬರೆಯಲಾಗಲಿಲ್ಲ. ಆ ವರ್ಷ ಆಗದ್ದು ಮುಂದಿನ ವರ್ಷ ಇನ್ನೂ ಕಷ್ಟವಾಯಿತು. ಹಾಗೇ ಐವತ್ತು ವರ್ಷ.

"ಸಮಾಧಿ ಈಗ ಅವಳ ಹೆಸರಿನಲ್ಲಿರುತ್ತೆ," ಎಂದರು ನೆದಾ ಆಂಟಿ. "ಓಪ್ಚಿನಾ ಅವಳ ಒಪ್ಪಿಗೆ ಕೇಳುತ್ತೆ. ನಾನು ಅವಳ ಹತ್ತಿರ ಕೇಳೋದಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ಬಿಡಿ ಮಿಸ್ಟರ್ ಸ್ವಾಮಿ. ಫ್ರಾನೆಗೆ ಕಪಾಟು ಅಭ್ಯಾಸವಾಗಿದೆ."

ತಿಪ್ಪೇಸ್ವಾಮಿ ತಲೆಯಾಡಿಸಿದರು. ಅದನ್ನು ರಚನಾ ಒಪ್ಪಿಗೆ ಎಂದು ತಿಳಿದಳು. ಅಲ್ಲೇ ಎಡವಿದ್ದು.

ಶುಕ್ರವಾರ ಹನ್ನೊಂದಕ್ಕೆ ಅಪ್ಪ ಛತ್ರಿ ಹಿಡಿದು ಮೂಲೆಯ ಡೈರಿಗೆ, ಅಂದರೆ ಅಂಚೆಯನ್ನೂ ತೆಗೆದುಕೊಳ್ಳುವ ದಿನಸಿ ಅಂಗಡಿಗೆ, ಹಾಲು ತರಲು ಹೋದರು. ಹಾಲಿನ ಜೊತೆ ಒಂದು ರಸೀದಿ ತಂದರು. ವಿದೇಶದ ಅಂಚೆ, ಎರಡು ಲಕೋಟೆ.

"ಕಳಿಸಿಬಿಟ್ರಾ? ಅವರು ಬೇಡ ಅಂದಮೇಲೂ?"

"ಸಹಿ ಇತ್ತಲ್ಲ."

"ಯಾರಿಗೆ ಬರೆದ್ರಿ?"

"ಗ್ರಾಮಾಧಿಕಾರಿಯವರಿಗೆ, ಸುಹೊ ಗುಮ್ನೊ. ಪ್ರತಿ, ಓಪ್ಚಿನಾ ಅಧ್ಯಕ್ಷರ ಮಾಹಿತಿಗಾಗಿ."

"ಅಂಥ ಹುದ್ದೆನೇ ಇಲ್ಲ ಅಂದ್ನಲ್ಲಪ್ಪ!"

"ಮೇಲಿನವರಿಗೆ ನೇರ ಬರೆದ್ರೆ ಕೆಳಗಿನವರು ಅರ್ಜಿ ಮೇಲೆ ಕೂತ್ಬಿಡ್ತಾರೆ. ಊರಿಂದ ಹೋಗ್ಬೇಕು, ಯಾವಾಗಲೂ."

ಇಡೀ ವಾರದ ನಿದ್ದೆ ಇಲ್ಲದ ಸಿಟ್ಟು ರಚನಾಳ ಬಾಯಿಗೆ ಬಂತು. "ಇದು ನಿಮ್ಮ ಹೋಬಳಿ ಅಲ್ಲ. ಇಲ್ಲಿ ಇದಕ್ಕೆ ಮೋಸ ಅಂತಾರೆ. ನಿಮಗೆ ಮಾಡೋಕೆ ಕೆಲಸ ಇಲ್ಲ ಅಂತ ಇನ್ನೊಬ್ಬರ ಮನೆ ಸಂಕಟಾನ ಫೈಲ್ ಮಾಡ್ಕೊಂಡು ಕೂತಿದೀರಾ?"

ಒಳಗಿನ ಕೋಣೆಯಿಂದ ಕೃತಿ, "ಮಮ್ಮಾ, ಡೋಂಟ್ ಶೌಟ್ ಅಟ್ ತಾತ," ಎಂದಳು.

ತಿಪ್ಪೇಸ್ವಾಮಿ ಹಾಲನ್ನು ಫ್ರಿಡ್ಜಿನಲ್ಲಿಟ್ಟರು. ಬಾಗಿಲು ಮುಚ್ಚಿ, ಅದರ ಹಿಡಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು. ನನ್ನ ಸರ್ಕಲ್ಲಿನಲ್ಲಿ ಒಂದು ಊರಿತ್ತು. ನೀರಿನ ಟ್ಯಾಂಕು, ಬಸ್ಸು ಎಲ್ಲ ರಸ್ತೆ ಬದಿಗೆ ಬಂದಮೇಲೆ ಜನ ಒಬ್ಬೊಬ್ಬರೇ ಅಲ್ಲಿಗೆ ಇಳಿದರು. ಹನುಮಕ್ಕ ಒಬ್ಬಳು ಉಳಿದಳು. ತೊಂಬತ್ತೊಂದರ ಗಣತಿಗೆ ನಾನೇ ಹೋಗಿದ್ದು, ಒಂದು ಅಂತ ಬರೆದೆ. ಬೇರೆ ಊರಿಗೆ ಕೊಟ್ಟ ತಂಗಿಯ ಜೊತೆ ಅವಳಿಗೆ ಮಾತಿರಲಿಲ್ಲ. ತಂಗಿಗೊಂದು ಕಾಗದ ಬರೆದುಕೊಡು ಸ್ವಾಮಿ ಅಂದಳು, ಬರೆದೆ, ಹೆಬ್ಬೆಟ್ಟು ಒತ್ತಿಸಿದೆ. ಹೊರಡುವಾಗ ಬೇಡ ಬಿಡು ಅಂದಳು. ಸರಿ ಅಂತ ಹರಿದು ಹಾಕಿದೆ.

"ಆಮೇಲೆ?"

"ಆಮೇಲೇನು. ಮುಂದಿನ ಗಣತಿಗೆ ಸೊನ್ನೆ ಬರೆದೋನೂ ನಾನೇ."

ಮರುದಿನದಿಂದ ಅವರು ಇಸ್ತ್ರಿ ಶರ್ಟು ಹಾಕಲಿಲ್ಲ. ಹಳೆಯ ಬೂದು ಸ್ವೆಟರಿನಲ್ಲೇ ಇರುತ್ತಿದ್ದರು. ಒಂಬತ್ತೂವರೆಗೆ ಮೇಜಿನ ಮುಂದೆ ಕೂರದೆ ಕೃತಿಯ ಜೊತೆ ನೆಲದ ಮೇಲೆ ಕೂತು ಪ್ಲಾಸ್ಟಿಕ್ ದನಗಳನ್ನು ಎಣಿಸುತ್ತಿದ್ದರು. ನೆದಾ ಆಂಟಿಗೆ ಹೇಳಿಬಿಡಬೇಕು ಎಂದು ರಚನಾ ದಿನಾ ಬೆಳಿಗ್ಗೆ ನಿರ್ಧರಿಸುವಳು. ಸಂಜೆಗೆ ನಾಳೆ ಎನ್ನುವಳು. ಕಾಗದ ಎಲ್ಲೋ ಕಳೆದುಹೋಗಿರುತ್ತದೆ, ಇಲ್ಲದ ಅಧಿಕಾರಿಗೆ ಬರೆದದ್ದು ಯಾರ ಕೈ ಸೇರೀತು ಎಂದು ಸಮಾಧಾನ ಹೇಳಿಕೊಳ್ಳುವಳು. ಇನ್ನೊಂದು ಗಳಿಗೆಗೆ ಸೇರಿದ್ದರೆ ಎಂದು ಅಂಚೆಯ ರಸೀದಿ ತೆಗೆದು ದಿನ ಎಣಿಸುವಳು. ಬೇಲಿಯ ಮೇಲಿಂದ ಸೊಪ್ಪು ಬರುತ್ತಲೇ ಇತ್ತು. ಅದನ್ನು ಕೈಯಲ್ಲಿ ಹಿಡಿದರೆ ಕಳ್ಳತನದ ಮಾಲು ಹಿಡಿದಂತೆ. ಮಗುವಿನ ಕೆಮ್ಮು ಒಂದು ವಾರ ಇಳಿದು ಮತ್ತೆ ಏರಿತು.

ಏಳನೆಯ ವಾರ, ಸೆಪ್ಟೆಂಬರಿನ ಮೊದಲ ಬುಧವಾರ, ನೆದಾ ಆಂಟಿ ಬೇಲಿಯ ಹತ್ತಿರ ನಿಲ್ಲದೆ ಸುತ್ತಿಕೊಂಡು ಮುಂಬಾಗಿಲಿಗೇ ಬಂದರು. ಕೈಯಲ್ಲಿ ದಪ್ಪ ಲಕೋಟೆ ಇತ್ತು. ಒಳಗೆ ಬಂದು ಕೋಟು ಬಿಚ್ಚದೆ ಮೇಜಿನ ಮುಂದೆ ಕೂತರು.

"ನನ್ನ ಹೆಸರಿನಲ್ಲಿ ಯಾರು ಬರೆದದ್ದು?"

ರಚನಾ ಬಾಯಿ ತೆರೆಯುವ ಮೊದಲೇ ನೆಲದ ಮೇಲಿನಿಂದ ಅಪ್ಪ ಮಂಡಿ ಹಿಡಿದುಕೊಂಡು ಎದ್ದರು. "ನಾನು ನೆದಮ್ಮ. ನೀವು ಬೇಡ ಅಂದ್ರಿ, ಆದ್ರೂ ಕಳಿಸಿದೆ. ತಪ್ಪು ನನ್ನದು. ಮಗಳು ಬೈದ್ಲು."

ನೆದಾ ಆಂಟಿ ಅವರ ಕಡೆ ತಿರುಗಿದರು. ಎದ್ದು ಹೋಗಲಿಲ್ಲ. ಲಕೋಟೆಯಿಂದ ಮೊದಲು ಒಂದು ಅಚ್ಚಾದ ಕಾಗದ ತೆಗೆದರು. ಕೆಳಗೆ ದುಂಡನೆಯ ಮೊಹರು, ಪಕ್ಕದಲ್ಲಿ ನಡುಗುವ ಸಹಿ. ಸಮಾಧಿ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ, ಓಪ್ಚಿನಾದ ಅನುಮತಿ, ಎರಡೂ ಒಂದೇ ಹಾಳೆಯಲ್ಲಿ. ಆಮೇಲೆ ಕೈಬರಹದ ಒಂದು ಪುಟ. ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಎಳೆದು ತಂದು ಹೇಳಿದರು.

"ನೆದಾ, ಅಂಚೆಯವಳು ಕಾಗದ ಹಿಡಿದು ಬಂದು, ಇಲ್ಲಿ ಗ್ರಾಮಾಧಿಕಾರಿ ಯಾರು ಅಂತ ಕೇಳಿದಳು. ನಾನೇ ಅಂದೆ. ಇನ್ಯಾರಿದಾರೆ? ಮಂಗಳವಾರದ ಬಸ್ಸಿಗೆ ಕೆಳಗೆ ಹೋದೆ. ಓಪ್ಚಿನಾದ ಹುಡುಗಿಯ ಹತ್ತಿರ ನಿನ್ನ ಅರ್ಜಿಯ ಪ್ರತಿ ಮೊದಲೇ ಇತ್ತು. ಇಂಗ್ಲಿಷನ್ನು ಅವಳೇ ಓದಿ ಹೇಳಿದಳು, ನನ್ನ ಸಹಿಗೇ ಕಾಯುತ್ತಿದ್ದಳು. ಸಮಾಧಿಯ ಸುತ್ತ ಮುಳ್ಳುಗಿಡ ಕಡಿದಿದೀನಿ, ಅರ್ಧ. ಇನ್ನರ್ಧಕ್ಕೆ ನನ್ನ ಸೊಂಟ ಬಿಡಲಿಲ್ಲ. ಸ್ಮಶಾನದ ಗೇಟಿನ ತಿರುಗಣಿ ಮುರಿದಿದೆ, ಮಳೆನೀರಿನ ತೊಟ್ಟಿಯ ಮುಚ್ಚಳ ಕುಸಿದಿದೆ. ಫ್ರಾನೆ ಬರಲಿ. ಈ ಸಲವೂ ಕೋಟು ಕಳಿಸಬೇಡ."

ಅಲ್ಲಿಗೆ ಮುಗಿಯಿತು. ನೆದಾ ಆಂಟಿ ಕಾಗದವನ್ನು ಮಡಚಲು ಹೋದರು. ಗಂಟುಗಟ್ಟಿದ ಬೆರಳು ಮಾತು ಕೇಳಲಿಲ್ಲ, ಮಡಿಕೆ ಓರೆಯಾಯಿತು. ರಚನಾ ಸಹಾಯಕ್ಕೆ ಕೈ ಚಾಚಿ ಮತ್ತೆ ಹಿಂದಕ್ಕೆಳೆದುಕೊಂಡಳು.

"ನೀವು ಹೋಗ್ತೀರಾ ಆಂಟಿ?"

"ಎಲ್ಲಿ. ಮೂವತ್ತು ಗಂಟೆ ವಿಮಾನ. ಈ ಹೃದಯಕ್ಕೆ ಡಾಕ್ಟರ್ ಬಸ್ಸೇ ಬೇಡ ಅಂದಿದಾನೆ." ಲಕೋಟೆಯನ್ನು ಪಕ್ಕಕ್ಕಿಟ್ಟು, "ಫೋನ್ ಕೊಡು," ಎಂದರು.

ಮಗ ಸ್ತೀಪೆ ಪಾಮರ್ಸ್ಟನ್ ನಾರ್ತ್‌ನಲ್ಲಿ ಮನೆ ಕಟ್ಟುವ ಕೆಲಸದವನು. ಊರಿಗೆಲ್ಲ ಸ್ಟೀವ್. ರಚನಾ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆ ಗರಗಸದ ಸದ್ದು.

"ಮಾಮ್, ಬದುಕಿದೀಯಾ?"

"ನಿನ್ನ ತಂದೆಯನ್ನ ಊರಿಗೆ ಕರ್ಕೊಂಡು ಹೋಗ್ಬೇಕು. ಕಾಗದ ಬಂತು."

ಗರಗಸ ನಿಂತಿತು. "ಸೀರಿಯಸ್ಲಿ? ಸರಿ. ನವೆಂಬರಲ್ಲಿ ನಾಲ್ಕು ದಿನ ಬಿಡುವು ಮಾಡ್ಕೋತೀನಿ."

"ಮೂರು ವಾರ."

"ಮಾಮ್! ಪೆಟ್ಟಿಗೆ ಇಡೋಕೆ ಮೂರು ವಾರ ಯಾಕೆ?"

"ಪೆಟ್ಟಿಗೆಗೆ ಒಂದು ಗಂಟೆ. ಉಳಿದದ್ದು ನಿನ್ನ ಚಿಕ್ಕಮ್ಮನಿಗೆ. ಗೇಟು, ತೊಟ್ಟಿ, ಮುಳ್ಳುಗಿಡ. ಅವಳು ಇನ್ನೂ ಏನೇನು ತೋರಿಸ್ತಾಳೋ ಅದೆಲ್ಲ. ಅವಳು ಬೈದ್ರೆ ಬೈಸ್ಕೋ, ಅದು ನನಗೆ ಬೈಯೋದು."

"ನನಗೆ ಅವಳ ಭಾಷೆನೇ ಸರಿಯಾಗಿ ಬರಲ್ಲ."

"ನಿನ್ನ ನಾಲಿಗೆ ಯಾರು ಕೇಳಿದ್ರು? ಕೈ ಬರುತ್ತಲ್ಲ?"

ಆ ಕಡೆ ಗರಗಸವನ್ನು ಕೆಳಗಿಟ್ಟ ಸದ್ದು. "ಪಟ್ಟಿ ಕಳಿಸು. ಅಳತೆ ಇದ್ದರೆ ಅಳತೆ."

ಫೋನು ಇಟ್ಟ ಮೇಲೆ ತಿಪ್ಪೇಸ್ವಾಮಿ ಸ್ವೆಟರಿನ ಜೇಬು ತಡಕಿದರು. ಪೆನ್ನು ಇರಲಿಲ್ಲ. ರಚನಾ ಒಳಗಿನಿಂದ ಎರಡನ್ನೂ ತಂದು ಅಪ್ಪನ ಮುಂದಿಟ್ಟಳು, ನೀಲಿ ಮತ್ತು ಕೆಂಪು. ಅವರು ಅವಳ ಮುಖ ನೋಡಲಿಲ್ಲ. ನೀಲಿಯನ್ನು ತೆಗೆದುಕೊಂಡು, "ಪಟ್ಟಿ ನಾನು ಬರೀತೀನಿ. ಉತ್ತರಾನೂ ಬರೆದುಕೊಡ್ಲಾ ನೆದಮ್ಮ?" ಎಂದರು.

"ಬೇಡ. ಹಾಳೆ ಕೊಡಿ. ನಾನೇ ಬರೀತೀನಿ."

ಕೊಟ್ಟರು. ನೆದಾ ಆಂಟಿ ಮೊದಲು ಹಾಳೆಯ ಕೆಳಮೂಲೆಯನ್ನು ಬೆರಳಿನಿಂದ ಸವರಿ, ಅಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ತಿಪ್ಪೇಸ್ವಾಮಿಯವರ ಕಿವಿ ಕೆಂಪಾಯಿತು. ಆಮೇಲೆ ನೆದಾ ಆಂಟಿ ಬರೆಯತೊಡಗಿದರು, ಒಂದು ಅಕ್ಷರ, ಒಂದು ವಿರಾಮ. ಕೃತಿ ಎದುರಿನ ಕುರ್ಚಿ ಹತ್ತಿ ಗಲ್ಲಕ್ಕೆ ಕೈಯಿಟ್ಟು ನೋಡುತ್ತ, "ಶೀ ಈಸ್ ವೆರಿ ಸ್ಲೋ, ತಾತ," ಎಂದಳು. "ಸುಮ್ನಿರವ್ವ," ಎಂದರು ತಾತ.

ರಚನಾಳಿಗೆ ಎರಡು ಗಂಟೆಗೆ ಮೀಟಿಂಗ್ ಇತ್ತು. ಅಲ್ಲಿಯವರೆಗೆ ಐದು ನಿಮಿಷ ಎಂದುಕೊಂಡು ಸೋಫಾದ ತುದಿಯಲ್ಲಿ ಕೂತವಳು ಹಾಗೇ ಒರಗಿದಳು. ಎಚ್ಚರವಾದಾಗ ಮನೆ ನಿಶ್ಶಬ್ದ. ಗಡಿಯಾರದಲ್ಲಿ ಎರಡೂಕಾಲು, ಮೀಟಿಂಗ್ ತಪ್ಪಿಹೋಗಿತ್ತು. ಮೇಜಿನ ಮೇಲೆ ಹಾಳೆಯಿಲ್ಲ, ಪೆನ್ನುಗಳಿಲ್ಲ. ಬಾಗಿಲ ಬಳಿ ಮಗುವಿನ ಗಾಡಿಯೂ ಇಲ್ಲ. ಮೂವರೂ ಡೈರಿಯ ಕಡೆ ಹೋಗಿರಬೇಕು, ಅಂಚೆಗೆ ಹಾಕಲು. ಹೊರಗೆ ಗಾಳಿ ಬೇಲಿಯನ್ನು ಬಗ್ಗಿಸುತ್ತಿತ್ತು.

ಕೃತಿಯ ಉಣ್ಣೆ ಟೋಪಿ ಮೊಳೆಯಲ್ಲೇ ನೇತಾಡುತ್ತಿತ್ತು. ಮರೆತು ಹೋಗಿದ್ದರು. ಕಿವಿಗೆ ಗಾಳಿ ಬಡಿಯುತ್ತದೆ, ಟೋಪಿ ಹಿಡಿದು ಓಡಬೇಕು ಎಂದು ಅನಿಸಿತು. ಎದ್ದು ನಾಲ್ಕು ಹೆಜ್ಜೆ ಹೋಗಿ ಅದನ್ನು ಕೈಗೂ ತೆಗೆದುಕೊಂಡಳು. ಆಮೇಲೆ, ಅಪ್ಪ ಜೊತೆಗಿದ್ದಾರಲ್ಲ ಎಂದುಕೊಂಡಳು. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಅಪ್ಪ ಬೂಟು ಹಾಕಿಕೊಳ್ಳುವ ಜಾಗದಲ್ಲಿ, ಕೂತುಬಿಟ್ಟಳು.